ಅಮ್ಮನಿಂದ ಮಗುವನ್ನು ಕಿತ್ತ ಪದಕ: ಕನ್ನಡ ಅಕ್ಷರದ ಚಿನ್ನ ಮಾಡಿಸುವವರು ಓದಿ

ಕಾಸರಗೋಡಿನ ಕಡೆ ಕನ್ನಡ ಅಕ್ಷರದ ಚಿನ್ನದ ಪದಕ ಮಾಡಿಸಲಿಕ್ಕೆ ಹೊರಟವರು ದಯವಿಟ್ಟು ಇದನ್ನು ಓದಿ ಆಮೇಲೆ ಅಡ್ವಾನ್ಸ್ ಕೊಡಿ. ಅಂಗಡಿಯ ಹೆಸರು ಹಾಕುವುದಿಲ್ಲ, ಕೇಳಬೇಡಿ. ಪದಕದ ವಿನ್ಯಾಸ ಬರೆಯುವುದೇ ನನ್ನ ಕೆಲಸ. ಬೇರೆಯವರಿಗೆ ಬುದ್ಧಿ ಹೇಳುವವಳೇ ಹೋಗಿ ಬಿದ್ದೆ ಎಂದು ಬರೆಯಲಿಕ್ಕೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ಪದಕದಲ್ಲಿ ಇದ್ದದ್ದು ‘ಅಮ್ಮ’ ಎಂಬ ಎರಡೇ ಅಕ್ಷರ. ಮಗುವನ್ನು ಎತ್ತಿಕೊಂಡ ತಾಯಿಯ ಗೆರೆ, ಒಂದರೊಳಗೆ ಒಂದು ಸಿಕ್ಕಿಸಿದ ಎರಡು ಹೃದಯ, ಇವೆಲ್ಲ ಯಾವ ಕ್ಯಾಟಲಾಗ್ ತೆಗೆದರೂ ಸಿಗುತ್ತವೆ. ನಮ್ಮ ಲಿಪಿಯಲ್ಲಿ ಅದಕ್ಕಿಂತ ಚಂದದ್ದು ಇದೆ. ಒಮ್ಮೆ ‘ಅಮ್ಮ’ ಎಂದು ಬರೆದು ನೋಡಿ. ದೊಡ್ಡ ಮ ನಿಂತಿದೆ, ಬಲಗಡೆ ಕೆಳಗೆ ಸೊಂಟಕ್ಕೆ ಅಂಟಿಕೊಂಡ ಹಾಗೆ ಒತ್ತು ಮ. ಆ ಒತ್ತೇ ಮಗು. ಮ ಅಕ್ಷರದ ತುದಿಯನ್ನು ಸ್ವಲ್ಪ ಕೆಳಗೆ ಎಳೆದು ಒತ್ತಿಗೆ ತಾಗಿಸಿದರೆ ತಾಯಿ ಕೈ ಬಳಸಿ ಹಿಡಿದ ಹಾಗಾಗುತ್ತದೆ. ಒತ್ತಿನ ಅಡಿಯಲ್ಲಿ 6 ಮಿ.ಮೀ.ನ ಒಂದು ಮುತ್ತು, ಅಕಾರದ ಹೊಟ್ಟೆಯಲ್ಲಿ 3 ಮಿ.ಮೀ. ಮಾಣಿಕ್ಯ. ಇಷ್ಟೇ. ಅಗಲ 25 ಮಿ.ಮೀ., ಎತ್ತರ 20, ದಪ್ಪ 1.8. ತಾಯಿ ಮಗು ಸೇರುವ ಜಾಗ ಮಾತ್ರ 1.5 ಮಿ.ಮೀ.ಗಿಂತ ಸಪೂರ ಆಗಬಾರದು ಎಂದು ಕೆಂಪು ಶಾಯಿಯಲ್ಲಿ ಬರೆದು ಕೊಟ್ಟಿದ್ದೆ. 916 ಚಿನ್ನ, ಅಂದರೆ 22 ಕ್ಯಾರಟ್, ಮೆತ್ತಗೆ. ಬಾಳಂತಿಯ ಕುತ್ತಿಗೆಯಲ್ಲಿರುವ ಪದಕವನ್ನು ಮಗು ಹಿಡಿದು ಎಳೆಯದೆ ಬಿಡುತ್ತದಾ?

ತೂಕದ ಲೆಕ್ಕವೂ ಕೊಟ್ಟಿದ್ದೆ. ಮೊದಲು ಮೇಣದಲ್ಲಿ ಪದಕ ಮಾಡಿ, ಆ ಜಾಗಕ್ಕೆ ಚಿನ್ನ ಎರೆಯುವುದು. ಆ ಮೇಣದ ಅಚ್ಚು 0.34 ಗ್ರಾಂ ತೂಗಿದರೆ ಅದನ್ನು ಸುಮಾರು 17.5ರಿಂದ ಗುಣಿಸಬೇಕು, 22 ಕ್ಯಾರಟಿಗೆ ಅದು ಲೆಕ್ಕ. ಅಂದರೆ 5.95 ಗ್ರಾಂ, ಮುಕ್ಕಾಲು ಪವನಿಗೆ (ಒಂದು ಪವನ್ ಅಂದರೆ 8 ಗ್ರಾಂ) ಸ್ವಲ್ಪ ಕಡಿಮೆ. ಅಂಗಡಿಯವರೂ ‘ಆರು ಗ್ರಾಂ ಒಳಗೆ ಆಗುತ್ತದೆ ಅಕ್ಕ’ ಎಂದೇ ಒಪ್ಪಿದ್ದು.

ನಾಲ್ಕು ದಿನಕ್ಕೆ ವಾಟ್ಸಾಪಿನಲ್ಲಿ ಚಿತ್ರ ಬಂತು. ಚಿನ್ನದ ಬಣ್ಣದಲ್ಲಿ ಪಳಪಳ, ಒತ್ತು ಸರಿ, ಮುತ್ತು ಸರಿ. ‘ಡಿಸೈನ್ ರೆಡಿ, ಓಕೆಯಾ ಅಕ್ಕ?’ ಹೆಬ್ಬೆರಳು ಎತ್ತಿದ ಚಿತ್ರ ಒತ್ತಿದೆ. ಅಲ್ಲೇ ನಾನು ಮುಳುಗಿದ್ದು. ಅದು ಕಂಪ್ಯೂಟರಿನಲ್ಲಿ ಅಳತೆ ಹಾಕಿ ಬರೆಯುವ ಕ್ಯಾಡ್ ಚಿತ್ರವೇ ಅಲ್ಲ! ನಾನು ಕಾಗದದಲ್ಲಿ ಬರೆದು ಕೊಟ್ಟದ್ದರ ಫೋಟೋ ತೆಗೆದು, ಮೊಬೈಲಿನಲ್ಲಿ ಚಿನ್ನದ ಬಣ್ಣ ಹಾಕಿ ನನಗೇ ಕಳಿಸಿದ್ದರು. ನನ್ನ ಗೆರೆ ನನಗೆ ಚಂದ ಕಾಣದೆ ಇರುತ್ತದಾ?

ಪದಕ ಕೈಗೆ ಬಂದಾಗ ಅದರಲ್ಲಿದ್ದದ್ದು ‘ಅಮ್‌ಮ’. ಹೌದು, ಅ, ಮ್, ಮ. ಮೂರೂ ಒಂದೇ ಸಾಲಿನಲ್ಲಿ, ಬಸ್ಸಿಗೆ ಕ್ಯೂ ನಿಂತ ಹಾಗೆ. ಮಗು ತಾಯಿಯ ಸೊಂಟದಿಂದ ಇಳಿದು ಪಕ್ಕದಲ್ಲಿ ಅವಳಷ್ಟೇ ದೊಡ್ಡದಾಗಿ ನಿಂತಿದೆ.

ಆದದ್ದು ಏನೆಂದರೆ, ಕ್ಯಾಡ್ ಮತ್ತು ಕಾಸ್ಟಿಂಗ್ (ಎರಕ ಹೊಯ್ಯುವುದು) ತೃಶ್ಶೂರಿನಲ್ಲಿ. ಅಲ್ಲಿಯ ಹುಡುಗ ನನ್ನ ಚಿತ್ರವನ್ನು ಟ್ರೇಸ್ ಮಾಡಲಿಲ್ಲ, ಅದಕ್ಕೆ ಅರ್ಧ ದಿನ ಬೇಕು. ಎಲ್ಲಿಂದಲೋ ಅಕ್ಷರ ಕಾಪಿ ಮಾಡಿ ಸಾಫ್ಟ್‌ವೇರಿಗೆ ಹಾಕಿದ. ಭಾರತೀಯ ಲಿಪಿಗಳ ಒತ್ತು ಜೋಡಿಸಲು ಗೊತ್ತಿಲ್ಲದ ಸಾಫ್ಟ್‌ವೇರು ಕನ್ನಡವನ್ನು ಹೀಗೆಯೇ ಬಿಡಿಬಿಡಿ ಮಾಡುತ್ತದೆ. ಅವನಿಗೆ ಕನ್ನಡ ಗೊತ್ತಿಲ್ಲ, ಅದು ಅವನ ತಪ್ಪಲ್ಲ. ಕೌಂಟರಿನಲ್ಲಿ ಕೂತವರಿಗೆ ಗೊತ್ತಿತ್ತಲ್ಲ!

ಅವರ ಉತ್ತರ ಕೇಳಿ. ‘ಅಕ್ಕ, ಓದಲಿಕ್ಕೆ ಬರುತ್ತದಲ್ವಾ? ಅಮ್ಮ ಅಂತಲೇ ಅಲ್ವಾ?’ ಆಮೇಲೆ, ‘ಕಂಪ್ಯೂಟರಿನಲ್ಲಿ ಕನ್ನಡ ಹಾಗೇ ಬರುವುದು ಅಕ್ಕ.’ ಕೊನೆಗೆ ಫೋನು ತೆಗೆದು ನನ್ನ ಹೆಬ್ಬೆರಳು ನನಗೇ ತೋರಿಸಿದರು, ‘ನೀವೇ ಓಕೆ ಹೇಳಿದ್ದಲ್ವಾ?’ 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಬೋರ್ಡುಗಳಲ್ಲಿ ಒತ್ತಕ್ಷರ ತಪ್ಪುವುದನ್ನು ನೋಡಿ ನೋಡಿ ನಮಗೆ ಅಭ್ಯಾಸವಾಗಿದೆ ಮಾರಾಯ್ರೇ, ಆದರೆ ಬೋರ್ಡಿಗೆ ನಾವು ಗ್ರಾಮಿನ ಲೆಕ್ಕದಲ್ಲಿ ದುಡ್ಡು ಕೊಡುವುದಿಲ್ಲ.

ಗ್ರಾಂ ಎಂದಾಗ ನೆನಪಾಯಿತು. ಬಿಲ್ಲಿನಲ್ಲಿ 7.320 ಗ್ರಾಂ. ಆರರ ಒಳಗೆ ಅಂದದ್ದು ಏಳು ದಾಟಿದ್ದು ಹೇಗೆ? ತಿರುಗಿಸಿ ನೋಡಿದೆ. ಬಿಡಿಯಾದ ಅಕ್ಷರಗಳು ಒಂದಕ್ಕೊಂದು ತಾಗುವುದಿಲ್ಲವಲ್ಲ, ಬಿದ್ದುಹೋಗುತ್ತವೆ. ಅದಕ್ಕೆ ಹಿಂದಿನಿಂದ ಒಂದು ಪಟ್ಟಿ ಬೆಸೆದಿದ್ದಾರೆ. ಉದ್ದ 22 ಮಿ.ಮೀ., ಅಗಲ 3, ದಪ್ಪ 0.9. ಗುಣಿಸಿ ನೋಡಿ, 59.4 ಘನ ಮಿ.ಮೀ.; ಒಂದು ಘನ ಸೆಂ.ಮೀ.ಗೆ 17.5 ಗ್ರಾಂ ಲೆಕ್ಕದಲ್ಲಿ 1.04 ಗ್ರಾಂ ಚಿನ್ನ. ಅವರ ತಪ್ಪಿಗೆ ಹಾಕಿದ ತೇಪೆ, ದುಡ್ಡು ನನ್ನದು, ಅದರ ಮೇಲೆ ಪಣಿಕೂಲಿಯೂ (ಮಾಡಿದ ಮಜೂರಿ) ನನ್ನದು. ಉಳಿದದ್ದು? 6 ಮಿ.ಮೀ. ಮುತ್ತು ಸುಮಾರು 0.30 ಗ್ರಾಂ, ಮಾಣಿಕ್ಯ 0.03. ಇವೆರಡನ್ನೂ ಚಿನ್ನದ ಜೊತೆ ತೂಗಿ ಚಿನ್ನದ ದರ ಹಾಕಿದ್ದಾರೆ. ಮುತ್ತಿಗೂ ಹರಳಿಗೂ ಕೆಳಗಿನ ಸಾಲಿನಲ್ಲಿ ಬೇರೆ ದುಡ್ಡು! ಕೇಳಿದರೆ ‘ಸಣ್ಣ ಹರಳಿಗೆಲ್ಲ ಯಾರೂ ಕಳೆಯುವುದಿಲ್ಲ ಅಕ್ಕ.’ ಕಳೆಯಬೇಕು. ಹಾಲ್‌ಮಾರ್ಕ್ ಆಭರಣದ ಬಿಲ್ಲಿನಲ್ಲಿ ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆಯಾಗಿ ಇರಬೇಕು.

ಮುತ್ತಿನ ಅವಸ್ಥೆ ಇನ್ನೊಂದು. ಸುಣ್ಣ ಬಳಿದ ಹಾಗಾಗಿತ್ತು. ಮುತ್ತು ಕೂರಿಸುವುದು ಎಲ್ಲ ಕೆಲಸ ಮುಗಿದು ಪಾಲಿಶ್ ಆದ ಮೇಲೆ, ಕಡೆಗೆ. ಇವರು ಕೂರಿಸಿದ ಮೇಲೆ ಆಸಿಡ್ಡಿನಲ್ಲಿ ಅದ್ದಿ ತೊಳೆದಿರಬೇಕು. ಮುತ್ತಿನ ಮೈಯೆಂದರೆ ಹೆಚ್ಚಿನಂಶ ಕ್ಯಾಲ್ಸಿಯಂ ಕಾರ್ಬೊನೇಟ್, ಆಸಿಡ್ ಅದನ್ನು ತಿನ್ನುತ್ತದೆ, ಹೊಳಪು ಮತ್ತೆ ಬರುವುದಿಲ್ಲ.

ಒಂದು ಮಾತು ಹೇಳಲೇಬೇಕು, ಚಿನ್ನದ ಶುದ್ಧತೆಯಲ್ಲಿ ಮೋಸ ಇಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22ಕೆ916, ಒಂದೊಂದು ಆಭರಣಕ್ಕೂ ಬೇರೆಯೇ ಕೊಡುವ ಆರು ಅಕ್ಷರ-ಅಂಕೆಗಳ ಎಚ್‌ಯುಐಡಿ ಮೂರೂ ಇವೆ, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದೆ, ಸರಿ ಇದೆ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಚಿನ್ನ ಮಾರುವ ಹಾಗೇ ಇಲ್ಲ. ಆದರೆ ಒತ್ತಿನ ಬಗ್ಗೆ ಕೇಳಿದಾಗಲೂ ‘ಹಾಲ್‌ಮಾರ್ಕ್ ಉಂಟಲ್ಲ ಅಕ್ಕ’, ಮುತ್ತಿನ ಬಗ್ಗೆ ಕೇಳಿದಾಗಲೂ ‘ಹಾಲ್‌ಮಾರ್ಕ್ ಉಂಟಲ್ಲ ಅಕ್ಕ’. ಎಂತ ಹೇಳುವುದು ಇವರಿಗೆ!

ಮಾಡಿಸುವವರು ಇಷ್ಟು ಮಾಡಿ. ಅಕ್ಷರವನ್ನು ಟೈಪ್ ಮಾಡಲಿಕ್ಕೆ ಅವರಿಗೆ ಬಿಡಲೇಬೇಡಿ. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಫಾಂಟಿನಲ್ಲಿ ಬರೆದು, ‘ಆಬ್ಜೆಕ್ಟ್ ಟು ಪಾಥ್’ ಒತ್ತಿ ಗೆರೆಯಾಗಿ ಬದಲಿಸಿ, ಕ್ಯಾಡ್ ಸಾಫ್ಟ್‌ವೇರು ಓದುವ ಡಿಎಕ್ಸ್‌ಎಫ್ ಫೈಲೇ ಕೊಡಿ. ಗೆರೆಯಾದ ಮೇಲೆ ಒತ್ತು ಎಲ್ಲಿಗೂ ಓಡುವುದಿಲ್ಲ. ‘ಬಲೂ ತಮ್ಮ’ ಎಂಬ ಫಾಂಟಿನಂಥ ದಪ್ಪ, ದುಂಡು ಫಾಂಟು ಎರಕಕ್ಕೆ ಒಳ್ಳೆಯದು. ಮಗುವಿನ ಹೆಸರು ಲಕ್ಷ್ಮೀ, ಪ್ರಜ್ಞಾ ಅಂತೆಲ್ಲ ಇದ್ದರೆ ಇನ್ನೂ ಹುಷಾರು, ಎಷ್ಟೋ ಫಾಂಟುಗಳಲ್ಲಿ ಒತ್ತು ಮೇಲಿನ ಅಕ್ಷರಕ್ಕೆ ತಾಗುವುದೇ ಇಲ್ಲ. ಕಾಗದದಲ್ಲಿ ನಡೆಯುತ್ತದೆ, ಚಿನ್ನದಲ್ಲಿ ಆ ತುಂಡು ಕೈಗೆ ಬರುತ್ತದೆ. ಎರಡನ್ನೂ ಸೇರಿಸುವ ಸೇತುವೆಯ ಗೆರೆ ನೀವೇ ಎಳೆಯಿರಿ. ಬಣ್ಣದ ಚಿತ್ರ ಬಂದರೆ ಓಕೆ ಹೇಳಬೇಡಿ, ಮೇಣದ ಅಚ್ಚನ್ನು ಸ್ಕೇಲಿನ ಪಕ್ಕ ಇಟ್ಟು ಹಿಂದು ಮುಂದು ಫೋಟೋ ಕಳಿಸಲಿ, ತಕ್ಕಡಿಯಲ್ಲಿ ಇಟ್ಟದ್ದೂ ಕಳಿಸಲಿ. ನಾನು ಇದೊಂದು ಕೇಳಿದ್ದರೆ ಸಾಕಿತ್ತು.

ಈಗ ಅವರು ಹೇಳುವುದು, ‘ವಾಪಸ್ ಕೊಡಿ ಅಕ್ಕ, ಪಣಿಕೂಲಿ, ಜಿಎಸ್‌ಟಿ, ತೇಮಾನು (ಸವಕಳಿ) ಕಳೆದು ಉಳಿದದ್ದಕ್ಕೆ ಬೇರೆ ಏನಾದರೂ ತೆಗೆದುಕೊಳ್ಳಿ.’ ಒಪ್ಪಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಯಿತು. ಬಿಲ್ಲು, ಕೆಂಪು ಶಾಯಿಯ ಕಾಗದ, ಪದಕದ ಹಿಂದಿನ ಪಟ್ಟಿಯ ಫೋಟೋ ಮೂರನ್ನೂ ಜೋಡಿಸಿ ಇಟ್ಟಿದ್ದೇನೆ. ಹೆಬ್ಬೆರಳಿನ ಸ್ಕ್ರೀನ್‌ಶಾಟ್ ಅವರ ಹತ್ತಿರ ಇದೆಯಲ್ಲ, ಅದನ್ನು ಅವರೇ ತರಲಿ.