ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರ: ರಜೆಗೆ ಬಂದವರಿಗೆ ಯಾವ ಕೆಲಸ ಆದೀತು, ಯಾವುದು ಆಗದು

ದುಬೈ, ದಮ್ಮಾಮ್, ದೋಹಾದಿಂದ ತಿಂಗಳ ರಜೆ ಹಾಕಿ ಊರಿಗೆ ಬಂದವರು ಮದುವೆ, ಸೀಮಂತ, ಹೊಲದ ಉತಾರ, ಹಲ್ಲಿನ ಡಾಕ್ಟರು ಎಲ್ಲ ಮುಗಿಸಿ ಕೊನೆಗೆ ಪಾಸ್‌ಪೋರ್ಟ್ ನೆನಪು ಮಾಡಿಕೊಳ್ಳುತ್ತಾರೆ. ಅದು ಮೊದಲ ವಾರದ ಕೆಲಸ. ಹುಬ್ಬಳ್ಳಿ ಕೇಂದ್ರದ ಒಳಗೆ ನಡೆಯುವ ಕೆಲಸ ಚುರುಕಾಗಿಯೇ ಇದೆ, ತಡವಾಗುವುದೆಲ್ಲ ಹೊರಗೆ: ವಿಳಾಸದ ಪುರಾವೆ, ಪೊಲೀಸ್ ಪರಿಶೀಲನೆ, ಸ್ಪೀಡ್ ಪೋಸ್ಟ್. ಅಂಕ ಕೊಡುವುದಾದರೆ ಒಳಗಿನದಕ್ಕೆ ಐದಕ್ಕೆ ನಾಲ್ಕೂವರೆ, ಇಡೀ ಸರಪಳಿಗೆ ಮೂರು.

ಇದು ಬೆಂಗಳೂರು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ಕೈಕೆಳಗಿನ ಕೇಂದ್ರ. ಅರ್ಜಿ, ಬೆರಳಚ್ಚು, ಫೋಟೋ, ಮಂಜೂರಾತಿ ಇಲ್ಲಿ ನಡೆಯುತ್ತವೆ. ಪುಸ್ತಕ ಮಾತ್ರ ಇಲ್ಲಿ ಕೈಗೆ ಸಿಗುವುದಿಲ್ಲ, ಅಂಚೆಯಲ್ಲೇ ಬರಬೇಕು. 2018ರಿಂದ ದೇಶದ ಯಾವ ಮೂಲೆಯಿಂದಾದರೂ ಅರ್ಜಿ ಹಾಕಬಹುದಾದ್ದರಿಂದ, ಆಧಾರ್ ಬೆಂಗಳೂರಿನದು, ಮನೆ ರಾಣೆಬೆನ್ನೂರಿನಲ್ಲಿ ಎನ್ನುವವರಿಗೂ ಇಲ್ಲಿ ಅಡ್ಡಿಯಿಲ್ಲ. ಆದರೆ ಪೊಲೀಸರು ಬರುವುದು ಅರ್ಜಿಯಲ್ಲಿ ಬರೆದ ವಿಳಾಸಕ್ಕೆ. ಇಲ್ಲಿ ಅರ್ಜಿ ಹಾಕಿದೆ ಅಂತ ಹುಬ್ಬಳ್ಳಿ ಪೊಲೀಸರು ಬರುತ್ತಾರೆ ಎಂದು ತಿಳಿದವರು ಬಹಳ.

ವಿಮಾನದ ದಿನಕ್ಕೆ ಎರಡು ವಾರ ಕೂಡ ಉಳಿದಿಲ್ಲವೆಂದರೆ ಇಲ್ಲಿ ಸಾಮಾನ್ಯ ನವೀಕರಣಕ್ಕೆ ಕೈ ಹಾಕಬೇಡಿ. ಮಂಜೂರಾತಿ ಹೊತ್ತಿಗೆ ಹಳೆಯ ಪಾಸ್‌ಪೋರ್ಟಿಗೆ ರದ್ದತಿ ಮುದ್ರೆ ಬಿದ್ದು ವಾಪಸ್ ಬರುತ್ತದೆ. ಅಲ್ಲಿಂದ ಹೊಸದು ಕೈಗೆ ಬರುವ ತನಕ ನೀವು ದೇಶ ಬಿಡುವಂತಿಲ್ಲ. ಅಂಥವರು ಕೆಲಸದ ಊರಿಗೆ ಹಿಂದಿರುಗಿ ಅಲ್ಲಿನ ಭಾರತೀಯ ದೂತಾವಾಸದಲ್ಲೇ ಮಾಡಿಸುವುದು ವಾಸಿ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದು, ಹಾಗಾಗಿ ಹತ್ತು ಹನ್ನೊಂದು ತಿಂಗಳು ಬಾಕಿ ಇದ್ದವರು ಈ ರಜೆಯನ್ನೇ ಬಳಸಿಕೊಳ್ಳಲಿ. ಆರು ತಿಂಗಳಿಗಿಂತ ಕಡಿಮೆ ಉಳಿದರೆ ಹಲವು ದೇಶಗಳಿಗೆ ಹೋಗುವಾಗ ವಿಮಾನ ಕಂಪನಿಯವರೇ ಕೌಂಟರಿನಲ್ಲಿ ನಿಲ್ಲಿಸುತ್ತಾರೆ.

ಶುಲ್ಕ: ದೊಡ್ಡವರಿಗೆ 36 ಪುಟದ್ದು 1500 ರೂಪಾಯಿ, 60 ಪುಟದ್ದು 2000. ತತ್ಕಾಲ್‌ಗೆ ಮೇಲೆ 2000. ಚಿಕ್ಕವರಿಗೆ 1000. ಗಲ್ಫ್‌ಗೆ ಓಡಾಡುವವರಿಗೆ 60 ಪುಟ ಬೇಕು ಎಂದು ಏಜೆಂಟರು ಇನ್ನೂ ಹೇಳುತ್ತಿದ್ದಾರೆ. ಯುಎಇ 2022ರಲ್ಲೇ ಪಾಸ್‌ಪೋರ್ಟಿನಲ್ಲಿ ವಾಸ ವೀಸಾದ ಸ್ಟಿಕರ್ ಅಂಟಿಸುವುದನ್ನು ನಿಲ್ಲಿಸಿದೆ, ಎಮಿರೇಟ್ಸ್ ಐಡಿಯೇ ಸಾಕು. ಅಲ್ಲಿರುವವರಿಗೆ ಆ 500 ರೂಪಾಯಿ ದಂಡ. ತತ್ಕಾಲ್‌ನವರು ಸಾಮಾನ್ಯ ಶುಲ್ಕ ಆನ್‌ಲೈನಿನಲ್ಲಿ ಕಟ್ಟಿ ಉಳಿದದ್ದನ್ನು ಕೇಂದ್ರದಲ್ಲಿ ಕೊಡಬೇಕಾಗುತ್ತದೆ, ಖಾಲಿ ಕೈಯಲ್ಲಿ ಹೋಗಬೇಡಿ. ಅರ್ಜಿ ತುಂಬುವ ತಾಣದ ವಿಳಾಸದ ಕೊನೆಗೆ ಗವ್ ಡಾಟ್ ಇನ್ ಇದೆಯೇ ನೋಡಿ. ಅದೇ ಬಣ್ಣ, ಅದೇ ಲಾಂಛನ ಹಾಕಿಕೊಂಡು ದುಪ್ಪಟ್ಟು ಹಣ ಕೀಳುವ ನಕಲಿ ತಾಣಗಳಿವೆ. ಕಟ್ಟಿದ ಶುಲ್ಕ ಒಂದು ವರ್ಷ ನಡೆಯುತ್ತದೆ, ಅಷ್ಟರೊಳಗೆ ಅಪಾಯಿಂಟ್‌ಮೆಂಟ್ ಮುಂದೂಡಲು ಅವಕಾಶ ಇದೆ. ಆದ್ದರಿಂದ ವಿದೇಶದಲ್ಲಿ ಕೂತೇ ಬುಕ್ ಮಾಡಿ, ಟಿಕೆಟ್ ಖಚಿತವಾದ ಮೇಲೆ ತಾರೀಖು ಹೊಂದಿಸಿಕೊಳ್ಳಬಹುದು.

ಗದಗಿನಿಂದ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ 75ರ ಆಸುಪಾಸು. ಧಾರವಾಡದವರಿಗೆ ಚಿಗರಿ ಬಸ್ ಇದೆ. ಕೊಟ್ಟ ಹೊತ್ತಿಗೆ ಹದಿನೈದು ನಿಮಿಷ ಮೊದಲು ಬಾಗಿಲಲ್ಲಿ ಇದ್ದರೆ ಸಾಕು, ನಸುಕಿಗೇ ಹೊರಟು ಕಟ್ಟೆ ಮೇಲೆ ಕೂಡುವ ಕಾರಣವಿಲ್ಲ. ಮಕ್ಕಳು, ವಯಸ್ಸಾದವರು, ಓದು ಬಾರದವರ ಜೊತೆಗೊಬ್ಬರನ್ನು ಒಳಗೆ ಬಿಡುತ್ತಾರೆ, ಉಳಿದವರ ಬಳಗ ಹೊರಗೇ ನಿಲ್ಲಬೇಕು.

ಒಳಗೆ ಮೂರು ಹಂತ. ಎ ಕೌಂಟರಿನಲ್ಲಿ ಖಾಸಗಿ ಕಂಪನಿ ಟಿಸಿಎಸ್‌ನ ಸಿಬ್ಬಂದಿ ಕಾಗದ ಸ್ಕ್ಯಾನ್ ಮಾಡಿ, ಫೋಟೋ ತೆಗೆದು, ಹತ್ತೂ ಬೆರಳಿನ ಅಚ್ಚು ಪಡೆಯುತ್ತಾರೆ. ಬಿ ಕೌಂಟರಿನಲ್ಲಿ ಸರ್ಕಾರಿ ಅಧಿಕಾರಿ ಮೂಲ ಪ್ರತಿ ತಾಳೆ ನೋಡುತ್ತಾರೆ. ಸಿ ಕೌಂಟರಿನಲ್ಲಿ ಮಂಜೂರಾತಿ. ಇಡೀ ಕೇಂದ್ರದಲ್ಲಿ ನಿಮ್ಮ ಹಣೆಬರಹ ನಿಂತಿರುವುದು ಎ ಕೌಂಟರಿನ ಎರಡು ನಿಮಿಷದ ಮೇಲೆ. ಅಲ್ಲಿ ತುಂಬಿದ ವಿವರ ತೋರಿಸಿ ಸರಿ ಇದೆಯೇ ನೋಡಿಕೊಳ್ಳಿ ಎನ್ನುತ್ತಾರೆ. ಜನ ಸುಮ್ಮನೆ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಾರೆ. ಹೆಸರಿನ ಒಂದೊಂದು ಅಕ್ಷರ, ಹುಟ್ಟಿದ ತಾರೀಖು, ತಂದೆ ತಾಯಿ ಹೆಸರು, ಪಿನ್ ಕೋಡ್ ಬೆರಳಿಟ್ಟು ಓದಿ. ಸಿ ದಾಟಿದ ಮೇಲೆ ತಪ್ಪು ಕಂಡರೆ ಹೊಸ ಅರ್ಜಿ, ಹೊಸ ಶುಲ್ಕ. ಗಂಡನ ವೀಸಾದ ಮೇಲೆ ಹೋಗಲಿರುವ ಹೊಸ ಮದುಮಗಳಿಗೆ ಒಂದು ಮಾತು: ಕೈಯಲ್ಲಿ ಮದರಂಗಿ ಗಾಢವಾಗಿದ್ದರೆ ಬೆರಳಚ್ಚು ಯಂತ್ರ ಹಿಡಿಯುವುದಿಲ್ಲ. ಲಗ್ನಕ್ಕಿಂತ ಮೊದಲೇ ಮುಗಿಸಿ, ಇಲ್ಲವೇ ಬಣ್ಣ ಮಾಸುವ ತನಕ ತಡೆಯಿರಿ.

ನಮ್ಮ ಸೀಮೆಯವರ ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮುಂದೆ, ಆಮೇಲೆ ಸ್ವಂತ ಹೆಸರು, ಆಮೇಲೆ ತಂದೆ ಹೆಸರು: ಹಿರೇಮಠ ಬಸವರಾಜ ಶಿವಪ್ಪ. ಆಧಾರ್‌ನಲ್ಲಿ ಬಸವರಾಜ ಹಿರೇಮಠ. ಪ್ಯಾನ್‌ನಲ್ಲಿ ಇನಿಷಿಯಲ್. “ಹೆಸರು ಹಿಂದ ಮುಂದ ಆಗೇತ್ರೀ, ಯಾವುದು ಹಾಕೂದು?” ಎಂಬ ಪ್ರಶ್ನೆ ಬಿ ಕೌಂಟರಿನಲ್ಲಿ ಬಾರದಂತೆ ನೋಡಿಕೊಳ್ಳಬೇಕಾದರೆ ಮೊದಲು ಆಧಾರ್ ಸರಿಮಾಡಿಸಿ, ಆಮೇಲೆ ಅರ್ಜಿ. ಸರ್‌ನೇಮ್ ಜಾಗ ಖಾಲಿ ಬಿಟ್ಟು ಎಲ್ಲವನ್ನೂ ಒಂದೇ ಸಾಲಿಗೆ ತುಂಬುವುದು ಇನ್ನೊಂದು ಚಟ. 2022ರ ನವೆಂಬರಿನಿಂದ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾದ ಮೇಲೆ ಪ್ರವೇಶ ಕೊಡುತ್ತಿಲ್ಲ. ಮಗನನ್ನು ನೋಡಲು ದುಬೈಗೆ ಹೊರಟ ತಾಯಿಯ ಪಾಸ್‌ಪೋರ್ಟಿನಲ್ಲಿ ಬರೀ ‘ನೀಲಮ್ಮ’ ಎಂದಿದ್ದರೆ ತೊಂದರೆ ಶುರುವಾಗುವುದು ವಿಮಾನ ನಿಲ್ದಾಣದಲ್ಲಿ. ನವೀಕರಣದ ಹೊತ್ತಿಗೇ ಅಡ್ಡಹೆಸರು ಸೇರಿಸಿ.

ಹುಟ್ಟಿದ ಊರಿನದೂ ಇಲ್ಲಿನದೇ ಒಂದು ಗೋಜಲು. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೆ ಮೊದಲು ಹುಟ್ಟಿದವರ ಜನನ ಪತ್ರ, ಶಾಲೆಯ ದಾಖಲೆಗಳಲ್ಲಿ ಜಿಲ್ಲೆ ಧಾರವಾಡ ಎಂದೇ ಇರುತ್ತದೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ‘ಹುಬ್ಳಿ’ ಹೋಗಿ ‘ಹುಬ್ಬಳ್ಳಿ’ ಆಯಿತು. ನವೀಕರಣದಲ್ಲಿ ಹಳೆಯ ಪಾಸ್‌ಪೋರ್ಟಿನಲ್ಲಿದ್ದದ್ದನ್ನೇ ಉಳಿಸಿಕೊಳ್ಳಿ. ಅಭಿಮಾನಕ್ಕೆ ತಿದ್ದಲು ಹೋದರೆ ಅದು ವಿವರ ಬದಲಾವಣೆ ಎಂದಾಗುತ್ತದೆ, ಜೊತೆಗೆ ವಿದೇಶದ ವಾಸ ಪರವಾನಗಿಯಲ್ಲಿ ಹಳೆಯ ಕಾಗುಣಿತ ಕೂತಿರುತ್ತದೆ. ಅಮೆರಿಕ, ಕೆನಡಾ ಅರ್ಜಿಗಳಲ್ಲಿ ಎರಡನ್ನೂ ಒಂದೇ ಊರೆಂದು ವಿವರಿಸಿ ಕಾಗದ ಬರೆಯುತ್ತ ಕೂಡಬೇಕಾಗುತ್ತದೆ.

ವಿಳಾಸಕ್ಕೆ ಆಧಾರ್ ಸರಾಗ. ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್ ಕೂಡ ನಡೆಯುತ್ತದೆ, ಗ್ರಾಮೀಣ ಬ್ಯಾಂಕಿನದೂ ಸರಿ, ಆದರೆ ಖಾತೆಯಲ್ಲಿ ವ್ಯವಹಾರ ನಡೆದಿರಬೇಕು. ಹಳೆಯ ಕೆವಿಜಿ (ಕರ್ನಾಟಕ ವಿಕಾಸ ಗ್ರಾಮೀಣ) ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಗಿದೆ. ವರ್ಷಗಟ್ಟಲೆ ಎಂಟ್ರಿ ಬೀಳದ ಪಾಸ್‌ಬುಕ್ ಹಿಡಿದು ಬರುವ ಬದಲು ಶಾಖೆಗೆ ಹೋಗಿ ಹೊಸದು ಮಾಡಿಸಿಕೊಳ್ಳಿ. ಅರ್ಜಿಯಲ್ಲಿ ಪೊಲೀಸ್ ಠಾಣೆ ಆರಿಸುವ ಕಡೆ ಕಣ್ಣು ಬಿಟ್ಟು ಆರಿಸಿ. ಹುಬ್ಬಳ್ಳಿ, ಧಾರವಾಡ ಶಹರ ಪೊಲೀಸ್ ಕಮಿಷನರ್ ವ್ಯಾಪ್ತಿಗೆ, ಕುಂದಗೋಳ, ಕಲಘಟಗಿ, ನವಲಗುಂದ ಜಿಲ್ಲಾ ಎಸ್‌ಪಿ ವ್ಯಾಪ್ತಿಗೆ. ಶಹರದಲ್ಲೇ ಕೇಶ್ವಾಪುರ, ವಿದ್ಯಾನಗರ, ಗೋಕುಲ ರಸ್ತೆ, ಹಳೇ ಹುಬ್ಬಳ್ಳಿ, ಕಸಬಾಪೇಟೆ ಎಲ್ಲ ಬೇರೆ ಬೇರೆ ಠಾಣೆ, ರಸ್ತೆಯ ಈಚೆ ಒಂದು ಆಚೆ ಇನ್ನೊಂದು. ತಪ್ಪು ಠಾಣೆ ಒತ್ತಿದರೆ ಕಡತ ಅಲ್ಲಿಗೆ ಹೋಗಿ, ‘ನಮ್ಮ ಹದ್ದಿಗೆ ಬರುವುದಿಲ್ಲ’ ಎಂದು ಹಿಂದಿರುಗಿ, ರಜೆಯ ಒಂದು ವಾರ ನುಂಗುತ್ತದೆ. ಪೊಲೀಸರು ಕರೆ ಮಾಡುವುದು ಅರ್ಜಿಯಲ್ಲಿ ಕೊಟ್ಟ ಮೊಬೈಲಿಗೆ. ಅಲ್ಲಿ ಸೌದಿ ನಂಬರ್ ಬರೆದು ಊರಲ್ಲಿ ಕಾಯುತ್ತ ಕೂತವರೂ ಇದ್ದಾರೆ!

ಬಾಣಂತನಕ್ಕೆ ತವರಿಗೆ ಬಂದ ತಾಯಿ, ಗಂಡ ಮಸ್ಕತ್‌ನಲ್ಲಿ, ಎರಡು ತಿಂಗಳ ಕೂಸಿಗೆ ಪಾಸ್‌ಪೋರ್ಟ್ ಬೇಕು: ಇಲ್ಲಿ ಕಾಗದ ಜಾಸ್ತಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹುಟ್ಟಿದ ತಾರೀಖಿನ ಪುರಾವೆ ಜನನ ಪ್ರಮಾಣಪತ್ರ ಒಂದೇ. ಪಾಲಿಕೆಯಲ್ಲಿ ಕೂಸಿನ ಹೆಸರು ಸೇರಿಸಿ, ತಂದೆ ತಾಯಿ ಹೆಸರನ್ನು ಅವರ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಬರೆಸಿ ತನ್ನಿ. ಮಕ್ಕಳ ಅರ್ಜಿಗೆ ತಂದೆ ತಾಯಿ ಕೊಡುವ ಘೋಷಣಾ ಪತ್ರ, ಅನೆಕ್ಷರ್ ಡಿಗೆ ಇಬ್ಬರ ಸಹಿ ಬೇಕು. ತಂದೆ ಹೊರಗಿದ್ದರೆ ಆತ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಪ್ರಮಾಣಪತ್ರ ಕಳಿಸಬೇಕು. ಕೊರಿಯರ್ ಬರುವ ದಿನ ಲೆಕ್ಕ ಹಾಕಿಯೇ ಅಪಾಯಿಂಟ್‌ಮೆಂಟ್ ಹಿಡಿಯಿರಿ. ನಾಲ್ಕು ವರ್ಷದೊಳಗಿನ ಮಕ್ಕಳ ಫೋಟೋ ಕೇಂದ್ರದಲ್ಲಿ ತೆಗೆಯುವುದಿಲ್ಲ, ಬಿಳಿ ಹಿನ್ನೆಲೆಯ 4.5 x 3.5 ಸೆಂಟಿಮೀಟರ್ ಫೋಟೋ ನೀವೇ ತರಬೇಕು. ತಂದೆ ತಾಯಿಯ ಪಾಸ್‌ಪೋರ್ಟಿನಲ್ಲಿ ಪರಸ್ಪರರ ಹೆಸರು ನಮೂದಾಗಿದ್ದರೆ ಕೆಲಸ ಹಗುರ. ಕೂಸು ವಿದೇಶದಲ್ಲೇ ಹುಟ್ಟಿದ್ದರೆ ಈ ಕೇಂದ್ರದ ದಾರಿ ಹಿಡಿಯಬೇಡಿ, ವರ್ಷದೊಳಗೆ ಅಲ್ಲಿನ ದೂತಾವಾಸದಲ್ಲಿ ಜನನ ನೋಂದಣಿ ಆಗಬೇಕು.

ಮೇಲೆ ಅಪರಾಧ ಪ್ರಕರಣ ಇಲ್ಲವೆಂಬ ಪೊಲೀಸ್ ಕ್ಲಿಯರೆನ್ಸ್ ಪತ್ರ, ಅಂದರೆ ಪಿಸಿಸಿ, 500 ರೂಪಾಯಿ. ಸೇವಾಸಿಂಧು ಮೂಲಕ ರಾಜ್ಯ ಪೊಲೀಸರು ಕೊಡುವುದು ಬೇರೆ, ಪಾಸ್‌ಪೋರ್ಟ್ ಕಚೇರಿಯದು ಬೇರೆ. ವಲಸೆ, ವಿದೇಶಿ ನೌಕರಿ ವೀಸಾಕ್ಕೆ ಸಾಮಾನ್ಯವಾಗಿ ಕೇಳುವುದು ಎರಡನೆಯದನ್ನು. ಅದು ಒಂದು ದೇಶದ ಹೆಸರಿನಲ್ಲಿ ಬರುತ್ತದೆ. ಕೆನಡಾಕ್ಕೆಂದು ತೆಗೆಸಿದ್ದನ್ನು ಕುವೈತಿಗೆ ಕೊಟ್ಟರೆ ನಡೆಯದು. ಪಾಸ್‌ಪೋರ್ಟಿನ ವಿಳಾಸಕ್ಕೂ ಈಗಿನದಕ್ಕೂ ವ್ಯತ್ಯಾಸವಿದ್ದರೆ ಎಳೆದಾಡುವ ಸಂಭವ ಇದ್ದೇ ಇದೆ. ನವೀಕರಣವೂ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ, ಹೊಸ ನಂಬರಿನ ಮೇಲೆ ಪಿಸಿಸಿ ತೆಗೆಸಿ. ಪಿಸಿಸಿಗಷ್ಟೇ ಬರುವವರು ಹುಬ್ಬಳ್ಳಿಗೇ ಬರಬೇಕೆಂದಿಲ್ಲ: 2022ರ ಸೆಪ್ಟೆಂಬರ್ 28ರಿಂದ ಅಂಚೆ ಕಚೇರಿಗಳಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೂ ಆಗುತ್ತದೆ.

ಹತ್ತನೇ ಇಯತ್ತೆ ಪಾಸಾಗದ ಡ್ರೈವರ್, ಗೌಂಡಿ ಕೆಲಸದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ಅನುಮತಿ ಬೇಕು) ಎಂಬ ಮುದ್ರೆ ಇರುತ್ತದೆ. ಸೌದಿ, ಕುವೈತ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಅವರಿಗೆ ವಲಸೆ ಅನುಮತಿ ಕಡ್ಡಾಯ. ಮೂರು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿದ್ದ ಪುರಾವೆ ತೋರಿಸಿದರೆ ನವೀಕರಣದಲ್ಲಿ ಅದನ್ನು ತೆಗೆಸಬಹುದು. ಪ್ರವೇಶ, ನಿರ್ಗಮನದ ಮುದ್ರೆ ಬಿದ್ದ ಪುಟಗಳ ಝೆರಾಕ್ಸ್ ತರದೆ ಬಂದವರು ಈ ಅವಕಾಶ ಕಳೆದುಕೊಳ್ಳುತ್ತಾರೆ. ಇಸಿಎನ್‌ಆರ್ (ಅನುಮತಿ ಬೇಕಿಲ್ಲ) ಎಂದು ಎಲ್ಲಿಯೂ ಅಚ್ಚಾಗುವುದಿಲ್ಲ, ಏನೂ ಬರೆದಿಲ್ಲ ಅಂದರೆ ಅದೇ ಇಸಿಎನ್‌ಆರ್. ಹುಡುಕಿ ಗಾಬರಿಯಾಗಬೇಡಿ.

ಅಪಾಸ್ಟಿಲ್, ಅಂದರೆ ನಮ್ಮ ಕಾಗದವನ್ನು ಹೊರದೇಶದಲ್ಲಿ ಒಪ್ಪುವಂತೆ ಹಾಕುವ ದೃಢೀಕರಣ ಮುದ್ರೆ, ಇಲ್ಲಿ ಸಿಗುವುದಿಲ್ಲ. ಮದುವೆ, ಜನನ, ಡಿಗ್ರಿ ಪ್ರಮಾಣಪತ್ರಗಳಿಗೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು. ಅಪಾಸ್ಟಿಲ್‌ಗೆ ಸಚಿವಾಲಯದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಹುಬ್ಬಳ್ಳಿಯ ಏಜೆಂಟರು ಸಾವಿರಗಟ್ಟಲೆ ಕೇಳಿದರೆ ಅದು ಓಡಾಟದ ಕೂಲಿ, ಬಿಲ್ಲಿನಲ್ಲಿ ಬೇರೆ ಬೇರೆ ಬರೆದುಕೊಡಿ ಎನ್ನಿ. ಸೌದಿ 2022ರ ಡಿಸೆಂಬರಿನಿಂದ ಅಪಾಸ್ಟಿಲ್ ಒಪ್ಪುತ್ತದೆ. ಯುಎಇ, ಕತಾರ್, ಕುವೈತ್ ಅಪಾಸ್ಟಿಲ್ ಒಪ್ಪಂದದಲ್ಲಿಲ್ಲ, ಅವುಗಳಿಗೆ ದೂತಾವಾಸದ ಮುದ್ರೆಯೇ ಆಗಬೇಕು. ‘ಯಾವ ದೇಶ’ ಎಂದು ಕೇಳದೆ ಕಾಗದ ತೆಗೆದುಕೊಳ್ಳುವ ಏಜೆಂಟನನ್ನು ನಂಬಬೇಡಿ. ಒಸಿಐ, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳ ಕಾರ್ಡಿನ ಕೆಲಸಕ್ಕೂ ಇಲ್ಲಿ ಕೌಂಟರ್ ಇಲ್ಲ, ಅದು ಆನ್‌ಲೈನ್ ಮತ್ತು ಬೆಂಗಳೂರಿನ ವಿದೇಶಿಯರ ನೋಂದಣಿ ಕಚೇರಿ (ಎಫ್‌ಆರ್‌ಆರ್‌ಒ). ಅಮೆರಿಕದ ಮೊಮ್ಮಕ್ಕಳಿಗೆ ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಒಸಿಐ ಬದಲಿಸಬೇಕಿಲ್ಲ, ಮೂರು ತಿಂಗಳೊಳಗೆ ಹೊಸದರ ಪ್ರತಿ ಮತ್ತು ಫೋಟೋ ಅಪ್‌ಲೋಡ್ ಮಾಡಿದರಾಯಿತು. ಇಪ್ಪತ್ತು ವರ್ಷ ತುಂಬಿದ ಮೇಲೆ ಬರುವ ಪಾಸ್‌ಪೋರ್ಟಿಗೆ ಮಾತ್ರ ಒಮ್ಮೆ ಹೊಸ ಕಾರ್ಡು.

ಹೊಸ ಪುಸ್ತಕ ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ, ಗುರುತು ನೋಡಿ ಕೊಡುತ್ತಾರೆ. ಬಾಗಿಲಿಗೆ ಬೀಗ ಹಾಕಿ ಸವದತ್ತಿಗೋ ಮಂತ್ರಾಲಯಕ್ಕೋ ಹೋಗಿದ್ದು ಪೋಸ್ಟ್‌ಮ್ಯಾನಿಗೆ ಸಿಗದಿದ್ದರೆ ಅದು ಬೆಂಗಳೂರಿಗೆ ವಾಪಸ್. ಬಂದ ಕೂಡಲೇ ಹಳೆಯದರೊಡನೆ ಹಿಡಿದು ಒಂದೊಂದು ವಿವರ ತಾಳೆ ನೋಡಿ. ಹಳೆಯದರಲ್ಲಿ ಅಮೆರಿಕದ ವೀಸಾ ಇದ್ದರೆ ಅದು ಇನ್ನೂ ಜೀವಂತ, ಕೀಳಬೇಡಿ, ಎರಡನ್ನೂ ಒಟ್ಟಿಗೆ ಒಯ್ಯಿರಿ. ಸೌದಿಯವರು ತಿರುಗಿ ಹೋದ ಮೇಲೆ ಅಬ್‌ಶರ್ ಎಂಬ ಅಲ್ಲಿನ ಸರ್ಕಾರಿ ಆ್ಯಪ್‌ನಲ್ಲಿ ಹೊಸ ನಂಬರ್ ವರ್ಗಾಯಿಸಬೇಕು. ಯುಎಇಯವರೂ ವಾಸ ಪರವಾನಗಿಯಲ್ಲಿ ನಂಬರ್ ಬದಲಿಸಿಕೊಳ್ಳಬೇಕು. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅಲ್ಲಿನ ಸಾಮಾನ್ಯ ವಾಸ ಪರವಾನಗಿಯೇ ಬಿದ್ದುಹೋಗುತ್ತದೆ, ಆದ್ದರಿಂದ ಪಾಸ್‌ಪೋರ್ಟ್ ತಡವಾಯಿತೆಂದು ರಜೆ ಎಳೆಯುವವರು ಹೊರಟ ದಿನದ ಲೆಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಲಿ.