ಆರ್‌ಸಿಬಿ ಜೆರ್ಸಿ ತೊಟ್ಟ ಕ್ರಿಕೆಟ್ 07: ಈಗಲೂ ಆಡಬಹುದಾ?

ಕ್ರಿಕೆಟ್ 07 ಅನ್ನೋ ಹಳೆ ಕಂಪ್ಯೂಟರ್ ಗೇಮ್ ಈಗಲೂ ಆಡಬಹುದು. ಆದರೆ ಪಕ್ಕದಲ್ಲಿ ಕೂತು ಆಡಲು ಇನ್ನೊಬ್ಬರು ಬೇಕು. ಒಬ್ಬರೇ ಕಂಪ್ಯೂಟರ್ ಜೊತೆ ಆಡುತ್ತೀರಾ ಅಂದರೆ ಬೇಗ ಬೇಜಾರಾಗುತ್ತದೆ.

ಇಎ ಸ್ಪೋರ್ಟ್ಸ್ ಈ ಆಟ ತಂದಿದ್ದು 2006ರ ನವೆಂಬರ್‌ನಲ್ಲಿ. ಮಾಡಿಕೊಟ್ಟವರು ಕೆನಡಾದ ಎಚ್‌ಬಿ ಸ್ಟುಡಿಯೋಸ್. ಇದಾದ ಮೇಲೆ ಇಎ ಪಿಸಿಗೆ ಇನ್ನೊಂದು ಕ್ರಿಕೆಟ್ ಆಟ ತರಲೇ ಇಲ್ಲ. ಎಚ್‌ಬಿಯವರು ಈಗ ಗಾಲ್ಫ್ ಆಟ ಮಾಡಿಕೊಂಡು ಆರಾಮಾಗಿದ್ದಾರೆ. ಐಪಿಎಲ್ ಶುರುವಾಗಿದ್ದೇ 2008ರಲ್ಲಿ, ಹಾಗಾಗಿ ಡಿವಿಡಿಯಲ್ಲಿ ಆರ್‌ಸಿಬಿ ಇರುವ ಮಾತೇ ಇಲ್ಲ. ಭಾರತ ತಂಡಕ್ಕೂ ಲೈಸೆನ್ಸ್ ಇರಲಿಲ್ಲ, ನಮ್ಮವರ ಹೆಸರೆಲ್ಲ ತಿರುಚಿಕೊಂಡು ಬರುತ್ತಿದ್ದವು.

ಇದನ್ನೆಲ್ಲ ಸರಿಮಾಡುತ್ತಾ ಬಂದವರು ಅಭಿಮಾನಿಗಳು. ಪ್ಯಾಚ್ ಅಂತ ಫೈಲ್‌ಗಳ ಒಂದು ಕಟ್ಟು ಇಳಿಸಿಕೊಂಡರೆ ಅದರಲ್ಲಿ ಹೊಸ ಜೆರ್ಸಿ, ಮುಖ, ಬ್ಯಾಟ್, ಸ್ಟೇಡಿಯಂ, ಸ್ಕೋರ್‌ಬೋರ್ಡ್ ಎಲ್ಲ ಇರುತ್ತವೆ. ಆಟಗಾರರ ಪಟ್ಟಿ ಬೇರೆ ಫೈಲ್, ಅದಕ್ಕೆ ರೋಸ್ಟರ್ ಅನ್ನುತ್ತಾರೆ. ಅದನ್ನು ಡಾಕ್ಯುಮೆಂಟ್ಸ್ ಒಳಗಿನ ಆಟದ ಫೋಲ್ಡರ್‌ಗೆ ಹಾಕಿ, ಆಮೇಲೆ ಮೆನುವಿನಿಂದ ಲೋಡ್ ಮಾಡಬೇಕು. ಇಷ್ಟು ಮಾಡದೆ "ಕೊಹ್ಲಿ ಎಲ್ಲಿ?" ಅಂತ ಹುಡುಕಬೇಡಿ.

ನಾನು ಹಾಕಿದ ಪ್ಯಾಚ್‌ನಲ್ಲಿ ಆರ್‌ಸಿಬಿ ಕೂತಿರುವುದು ಒಂದು ಇಂಗ್ಲಿಷ್ ಕೌಂಟಿ ತಂಡದ ಜಾಗದಲ್ಲಿ. ಹಳೆ ಮನೆ ಕೊಂಡು, ಬಣ್ಣ ಹೊಡೆಸಿ, ಬಾಗಿಲಿಗೆ ನಮ್ಮ ಹೆಸರಿನ ಬೋರ್ಡ್ ಹಾಕಿದರೂ ಕರೆಂಟ್ ಬಿಲ್ ಹಳೆ ಮಾಲೀಕರ ಹೆಸರಲ್ಲೇ ಬರುತ್ತದಲ್ಲ, ಹಾಗೆ. ಯಾವುದೋ ಮೂಲೆಯ ಮೆನುವಿನಲ್ಲಿ ಕೌಂಟಿಯ ಹೆಸರು ಇಣುಕುತ್ತದೆ. ಕೆಂಪು ಜೆರ್ಸಿ ಮಾತ್ರ ಬಹಳ ಚೆನ್ನಾಗಿ ಬಂದಿದೆ. ಚಿನ್ನಸ್ವಾಮಿಯೂ ಗುರುತು ಸಿಗುವ ಹಾಗಿದೆ. ಬೌಂಡರಿ ನಮ್ಮ ಮೈದಾನದಷ್ಟು ಹತ್ತಿರ ಅನ್ನಿಸಲಿಲ್ಲ, ಅಷ್ಟೇ.

ಕಾಮೆಂಟರಿ ಮಾರ್ಕ್ ನಿಕೋಲಸ್ ಮತ್ತು ರಿಚೀ ಬೆನೊ ಅವರದ್ದು. 2025ರಲ್ಲಿ ಕಪ್ ಗೆದ್ದ ತಂಡ ಆಡುತ್ತಿದ್ದರೆ, 2015ರಲ್ಲಿ ತೀರಿಕೊಂಡ ಬೆನೊ ಅದೇ ಸಮಾಧಾನದ ದನಿಯಲ್ಲಿ ಮಾತಾಡುತ್ತಿರುತ್ತಾರೆ. ನನಗೆ ಇದು ಇಷ್ಟ. ಧ್ವನಿ ಬದಲಿಸುವ ಪ್ಯಾಚ್ ಹಾಕು ಅಂತ ಅಕ್ಕನ ಮಗ ಪೀಡಿಸುತ್ತಿದ್ದಾನೆ, ನಾನು ಒಪ್ಪಿಲ್ಲ.

ಅವನಿಗೆ ಹನ್ನೊಂದು ವರ್ಷ. ಎಲ್‌ಬಿಡಬ್ಲ್ಯು ಔಟ್ ಕೊಟ್ಟ ತಕ್ಷಣ "ಚಿಕ್ಕಮ್ಮ, ರಿವ್ಯೂ ಎಲ್ಲಿ? ಯಾವ ಬಟನ್?" ಅಂದ. ಇದು ಅಂಪೈರ್ ತೀರ್ಪನ್ನು ಪ್ರಶ್ನಿಸುವ ಡಿಆರ್‌ಎಸ್ ಬರುವ ಮುಂಚಿನ ಆಟ ಕಣೋ, ಅಂಪೈರ್ ಹೇಳಿದ್ದೇ ಕೊನೆ ಅಂದರೆ ನಂಬಲಿಲ್ಲ. ಕಂಡದ್ದನ್ನೆಲ್ಲ ಅಭಿಮಾನಿಗಳು ಬದಲಿಸಿದ್ದಾರೆ, ನಿಯಮ ಮತ್ತು ಕಂಪ್ಯೂಟರ್‌ನ ಬುದ್ಧಿ ಮಾತ್ರ 2006ರದ್ದೇ. ಕ್ರೀಸ್ ಬಿಟ್ಟು ಮುಂದೆ ಬಂದು ಎತ್ತಿ ಹೊಡೆಯುವುದು ಒಂದು ಕಲಿತರೆ ಸಾಕು, ಸಿಕ್ಸ್ ಮೇಲೆ ಸಿಕ್ಸ್. ಕಂಪ್ಯೂಟರ್ ಬೌಲರ್ ಪಾಠ ಕಲಿಯುವುದೇ ಇಲ್ಲ. ಅಕ್ಕನ ಮಗ ಕಲಿಯುತ್ತಾನೆ. ಎರಡೇ ಓವರ್‌ನಲ್ಲಿ ಫೀಲ್ಡರ್‌ನ ಹಿಂದಕ್ಕೆ ಕಳಿಸಿ ನಗುತ್ತಾನೆ. ಗೇಮ್‌ಪ್ಯಾಡ್ ಇಟ್ಟುಕೊಳ್ಳಿ, ಬಲಗಡೆ ಸ್ಟಿಕ್ ತಿರುಗಿಸಿ ಹೊಡೆಯುವ ಸೆಂಚುರಿ ಸ್ಟಿಕ್ ಇಂದಿಗೂ ಮಜಾ ಕೊಡುತ್ತದೆ.

ಮಷೀನ್ ವಿಷಯ. ನಾನು ಹಳೆ ವಿಂಡೋಸ್ 7 ಲ್ಯಾಪ್‌ಟಾಪ್ ಒಂದನ್ನು ಇದಕ್ಕಂತಲೇ ಇಟ್ಟಿದ್ದೇನೆ. ವಿಂಡೋಸ್ 7ಕ್ಕೆ ಸುರಕ್ಷತೆಯ ಅಪ್‌ಡೇಟ್ ಕೊಡುವ ವಿಷಯದಲ್ಲಿ 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕೈ ಎತ್ತಿತು, ಅದಕ್ಕೇ ವೈಫೈ ಆಫ್. ಪ್ಯಾಚ್‌ಗಳನ್ನು ಬೇರೆ ಕಂಪ್ಯೂಟರ್‌ನಲ್ಲಿ ವೈರಸ್ ಸ್ಕ್ಯಾನ್ ಮಾಡಿ ಪೆನ್‌ಡ್ರೈವ್‌ನಲ್ಲಿ ತರುತ್ತೇನೆ. ಹಾರ್ಡ್ ಡಿಸ್ಕ್ ಕೀರಲು ಶುರುಮಾಡಿದಾಗ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡ್‌ಗೆ ಒಯ್ದೆ. ಮೊದಲ ಅಂಗಡಿಯವರು, "ಮೇಡಂ, ಇದಕ್ಯಾಕೆ ದುಡ್ಡು ಸುರೀತೀರಾ, ಹೊಸದು ತಗೊಳ್ಳಿ" ಅಂದರು. ಒಳಗಲ್ಲಿಯ ಚಿಕ್ಕ ಅಂಗಡಿಯವರು ಸುಮ್ನೆ ಸ್ಕ್ರೂ ಬಿಚ್ಚಿ, ಹಳೆ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಹಾಕಿ, ಫ್ಯಾನ್ ಧೂಳು ಊದಿ ಕೊಟ್ಟರು. ಈಗ ಆಟ ಥಟ್ ಅಂತ ತೆರೆಯುತ್ತದೆ.

ಪ್ಯಾಚ್ ಸಿಗುವ ತಾಣಗಳು ಮಾತ್ರ ತಲೆನೋವು. ಒಂದರಲ್ಲಂತೂ ಪುಟದ ತುಂಬಾ ಡೌನ್‌ಲೋಡ್ ಬಟನ್, ಮುಕ್ಕಾಲು ಪಾಲು ಜಾಹೀರಾತು. "ಪೂರ್ತಿ ಗೇಮ್ ಫ್ರೀ" ಅಂತ ಕೊಡುವವರ ಹತ್ತಿರ ಹೋಗಲೇಬೇಡಿ. ಅದು ಕಳ್ಳ ಮಾಲು, ಜೊತೆಗೆ ಇನ್ನೇನು ಬರುತ್ತದೋ ಗೊತ್ತಾಗಲ್ಲ. ಹಳೆ ಡಿವಿಡಿಯನ್ನೇ ಹುಡುಕಿ. ಕೊಳ್ಳುವ ಮುಂಚೆ ಬೆಳಕಿಗೆ ಹಿಡಿದು ಗೀರು ನೋಡಿ, ಬಾಕ್ಸ್ ಒಳಗೆ ಸೀರಿಯಲ್ ನಂಬರ್ ಇದೆಯಾ ಕೇಳಿ. ಇನ್‌ಸ್ಟಾಲ್ ಆದ ಮೇಲೆ, ಮೊದಲ ಪ್ಯಾಚ್ ಹಾಕುವ ಮುಂಚೆ, ಇಡೀ ಫೋಲ್ಡರ್‌ನ ಒಂದು ಕಾಪಿ ಪೆನ್‌ಡ್ರೈವ್‌ಗೆ ತೆಗೆದಿಡಿ. ಪ್ಯಾಚ್ ಕೈಕೊಟ್ಟರೆ ವಾಪಸ್ ಅಂಟಿಸಿದರಾಯಿತು.