ಇಬ್ಬರೇ ಸಾಗುವ ಹಾಯಿದೋಣಿಗೆ ಸುರುಳಿ ಜಿಬ್ಬಾ, ಕೊಕ್ಕೆ ಜಿಬ್ಬಾ?

ಜಿಬ್ ಅಂದರೆ ದೋಣಿಯ ಮುಂದಿನ ಹಾಯಿ. ಸುರುಳಿಯದು ಮುಂದಿನ ತಂತಿಗೆ ಸುತ್ತಿಕೊಳ್ಳುತ್ತದೆ; ಕೊಕ್ಕೆಯದನ್ನು ಅದೇ ತಂತಿಗೆ ಕೊಕ್ಕೆಗಳಿಂದ ಸಿಕ್ಕಿಸಿ ಏರಿಸಿ ಇಳಿಸುತ್ತೇವೆ. ನನ್ನ ಆಯ್ಕೆ ಕೊಕ್ಕೆ ಜಿಬ್. ಎರಡನ್ನೂ ಬಳಸಿ ನೋಡಿದ ಮೇಲೇ ಈ ಮಾತು ಹೇಳುತ್ತಿದ್ದೇನೆ.

ನಾನು, ನನ್ನ ಗಂಡ ಮಾಡುವುದು ಒಂದು ದಿನದ ಪಯಣ. ಬೆಳಿಗ್ಗೆ ಒಂದು ಬಂದರು ಬಿಟ್ಟು, ದಂಡೆ ಕಣ್ಣಿಗೆ ಬೀಳುವಷ್ಟು ದೂರದಲ್ಲೇ ಸಾಗಿ, ಕತ್ತಲಾಗುವ ಮೊದಲು ಇನ್ನೊಂದು ಬಂದರು ಸೇರುತ್ತೇವೆ. ಸಣ್ಣ ದೋಣಿ ಗಂಟೆಗೆ 4–5 ನಾಟಿಕಲ್ ಮೈಲು ಹೋದರೆ ಹೆಚ್ಚು. 20 ಮೈಲಿಗೆ ಅರ್ಧ ದಿನ ಬೇಕೇ ಬೇಕು. ಬಿಸಿಲಿನ ದಿನ ಬೆಳಗಿನ ಗಾಳಿ ಇದ್ದೂ ಇಲ್ಲದ ಹಾಗಿರುತ್ತದೆ. ನೆಲ ಕಾದಂತೆ ಕಡಲಗಾಳಿ ಏಳುತ್ತದೆ, ಮಧ್ಯಾಹ್ನ ದಾಟಿದ ಮೇಲೆ ಜೋರಾಗುತ್ತದೆ. ಅಂದರೆ ಮೈಕೈ ಸೋತ ಹೊತ್ತಿಗೆ ಸರಿಯಾಗಿ, ಬಂದರಿನ ಬಾಯಲ್ಲಿ, ದಿನದ ಜೋರು ಗಾಳಿ ಎದುರಾಗುತ್ತದೆ. ಅಲ್ಲಿ ಒಬ್ಬರು ಚುಕ್ಕಾಣಿ ಬಿಡುವ ಹಾಗಿಲ್ಲ. ಮುಂದಿನ ಹಾಯಿ ಪೂರ್ತಿ ಇನ್ನೊಬ್ಬರ ಪಾಲು. ನಮ್ಮ ದೋಣಿಯಲ್ಲಿ ಅದು ನನ್ನ ಪಾಲು. ಹಾಗಾಗಿ ನಾನು ಕೇಳುವುದು ಒಂದೇ ಪ್ರಶ್ನೆ: ಕೈ ಕೊಡದೆ ಕೆಳಗೆ ಬರುವ ಹಾಯಿ ಯಾವುದು?

ನಾವು ಕೊಂಡ ಹಳೆಯ ದೋಣಿಯಲ್ಲಿ ಸುರುಳಿ ಜಿಬ್ ಇತ್ತು. ಕಾಕ್‌ಪಿಟ್‌ನಲ್ಲಿ, ಅಂದರೆ ಚುಕ್ಕಾಣಿ ಹಿಡಿದು ಕೂರುವ ಜಾಗದಲ್ಲಿ, ಕೂತು ಹಗ್ಗ ಎಳೆದರೆ ಮುಂದೆ ಡ್ರಮ್ ತಿರುಗುತ್ತದೆ, ಹಾಯಿ ಫೋರ್‌ಸ್ಟೇಗೆ, ಅಂದರೆ ಮಾಸ್ಟ್ ಅನ್ನು (ಹಾಯಿಕಂಬವನ್ನು) ಮುಂದಿನಿಂದ ಹಿಡಿದಿರುವ ತಂತಿಗೆ, ಸುತ್ತಿಕೊಳ್ಳುತ್ತದೆ. ಚೆನ್ನಾಗಿ ನಡೆದ ದಿನ ಇದರಷ್ಟು ಸುಖ ಇನ್ನೊಂದಿಲ್ಲ. ಆದರೆ ಗಾಳಿ ಏರಿದ ಒಂದು ಮಧ್ಯಾಹ್ನ, ಅಲೆತಡೆ ಗೋಡೆ ಎದುರಿಗೇ ಇದ್ದಾಗ, ಹಗ್ಗ ಎಳೆದೆ. ಡ್ರಮ್ ಎರಡು ಸುತ್ತು ತಿರುಗಿ ಗಟ್ಟಿಯಾಗಿ ನಿಂತಿತು. ಹಾಯಿ ಅರ್ಧಕ್ಕಿಂತ ಜಾಸ್ತಿ ತೆರೆದೇ ಇತ್ತು.

ತೊಡಕು ಕೆಳಗೆ ಡ್ರಮ್‌ನಲ್ಲಿ ಇರಲಿಲ್ಲ, ಮೇಲೆ ತುದಿಯಲ್ಲಿತ್ತು. ಅಲ್ಲಿ ಸ್ವಿವೆಲ್ ಅಂತ ಒಂದು ಭಾಗ ಇದೆ. ಅದರ ಕೆಳಗಿನ ಅರ್ಧ ಹಾಯಿಯ ಜೊತೆ ತಿರುಗಬೇಕು, ಹ್ಯಾಲ್ಯಾರ್ಡ್, ಅಂದರೆ ಹಾಯಿ ಏರಿಸುವ ಹಗ್ಗ, ಕಟ್ಟಿದ ಮೇಲಿನ ಅರ್ಧ ಅಲುಗಾಡಬಾರದು. ಅದನ್ನು ಅಲುಗದ ಹಾಗೆ ಹಿಡಿಯುವುದು ಹ್ಯಾಲ್ಯಾರ್ಡೇ. ಅದು ಫೋರ್‌ಸ್ಟೇಯಿಂದ ಸ್ವಲ್ಪ ಹಿಂದಕ್ಕೆ, ಸುಮಾರು 10 ಡಿಗ್ರಿ ಓರೆಯಾಗಿ ಮಾಸ್ಟ್ ಸೇರಿದರೆ ಮಾತ್ರ ಈ ಹಿಡಿತ ಸಿಗುತ್ತದೆ. ನಮ್ಮ ದೋಣಿಯಲ್ಲಿ ಹಳೆಯ ಹಾಯಿಯ ಜಾಗಕ್ಕೆ ಯಾರೋ ಗಿಡ್ಡದೊಂದನ್ನು ಹಾಕಿದ್ದರು. ಸ್ವಿವೆಲ್ ತುದಿಯಿಂದ ಕೆಳಗೇ ಉಳಿದಿತ್ತು, ಹ್ಯಾಲ್ಯಾರ್ಡ್ ಫೋರ್‌ಸ್ಟೇಗೆ ಅಂಟಿಕೊಂಡ ಹಾಗೆ ಓಡುತ್ತಿತ್ತು. ನಾನು ಎಳೆದಾಗ ಹಾಯಿಯ ಜೊತೆ ಅದೂ ಸುತ್ತಿಕೊಂಡಿತು.

ಇಂಥ ಹೊತ್ತಲ್ಲಿ ಹಗ್ಗವನ್ನು ವಿಂಚ್‌ಗೆ (ಹಗ್ಗ ಬಲವಾಗಿ ಎಳೆಯುವ ತಿರುಗುಯಂತ್ರಕ್ಕೆ) ಹಾಕಿ ಎಳೆಯೋಣ ಅನಿಸುತ್ತದೆ. ದಯವಿಟ್ಟು ಬೇಡ. ಸುತ್ತಿಕೊಂಡ ಹಗ್ಗ ಫೋರ್‌ಸ್ಟೇ ತಂತಿಯನ್ನೇ ತಿರುಚುತ್ತದೆ, ಎಳೆಗಳು ಕಿತ್ತರೆ ಮಾಸ್ಟ್‌ಗೆ ಮುಂದಿನ ಆಸರೆಯೇ ಇರುವುದಿಲ್ಲ. ನಾವು ಬಂದರಿಗೆ ಬೆನ್ನು ಮಾಡಿ ಮತ್ತೆ ಹೊರಗೆ ಹೋದೆವು. ಜಾಗ ಸಿಕ್ಕ ಮೇಲೆ ಗಾಳಿಯನ್ನು ಬೆನ್ನಿಗೆ ತೆಗೆದುಕೊಂಡು, ಜಿಬ್ ದೊಡ್ಡ ಹಾಯಿಯ ಮರೆಗೆ ಬರುವಂತೆ ಮಾಡಿ, ಹಾಯಿಯನ್ನು ಪೂರ್ತಿ ಬಿಚ್ಚಿದೆವು. ಮೇಲಿನ ಸುತ್ತೂ ಬಿಟ್ಟಿತು. ಆಮೇಲೆ ನಾನು ಮುಂದೆ ಹೋಗಿ ಇಳಿಸಿದೆ.

ಆಗಲೇ ಇನ್ನೊಂದು ತೊಂದರೆ ಎದುರಾಯಿತು. ಸುರುಳಿ ಜಿಬ್‌ನ ಅಂಚು ಒಂದು ಸಣ್ಣ ಸೀಳಿನೊಳಗೆ ಜಾರುತ್ತದೆ. ಇಳಿಸುತ್ತಾ ಹೋದಂತೆ ಅಂಚು ಸೀಳಿನಿಂದ ಹೊರಬರುತ್ತದೆ, ಬಟ್ಟೆಗೆ ದೋಣಿಯ ಜೊತೆ ನಂಟೇ ಉಳಿಯುವುದಿಲ್ಲ. ಜೋರು ಗಾಳಿಯಲ್ಲಿ, ಕುಣಿಯುವ ಮೂತಿಯ ಮೇಲೆ ಮಂಡಿಯೂರಿ, ಅಷ್ಟು ದೊಡ್ಡ ಹಾಯಿಯನ್ನು ತೋಳಲ್ಲಿ ಅವುಚಿ ಹಿಡಿದುಕೊಂಡೆ. ಒಂದು ಮೂಲೆ ಆಗಲೇ ನೀರಿಗೆ ಬಿದ್ದಿತ್ತು.

ಕೊಕ್ಕೆ ಜಿಬ್‌ನಲ್ಲಿ ಹೀಗಾಗುವುದಿಲ್ಲ. ಕೆಳಗೆ ಬಿದ್ದ ಮೇಲೂ ಪ್ರತಿ ಕಂಚಿನ ಕೊಕ್ಕೆ ಫೋರ್‌ಸ್ಟೇಯನ್ನು ಹಿಡಿದೇ ಇರುತ್ತದೆ. ಡೌನ್‌ಹಾಲ್ ಹಾಕಿಕೊಂಡರೆ ಮುಂದೆ ಹೋಗುವ ಕೆಲಸವೂ ತಪ್ಪುತ್ತದೆ: ಹಾಯಿಯ ತಲೆಗೆ ಒಂದು ತೆಳು ಹಗ್ಗ ಕಟ್ಟಿ, ಕೆಲವು ಕೊಕ್ಕೆಗಳೊಳಗೆ ಇಳಿಸಿ, ಮೂತಿಯ ರಾಟೆಯಿಂದ ಕಾಕ್‌ಪಿಟ್‌ಗೆ ತರಬೇಕು, ಅಷ್ಟೆ. ಈ ಕೈಯಲ್ಲಿ ಹ್ಯಾಲ್ಯಾರ್ಡ್ ಬಿಡುತ್ತೇನೆ, ಆ ಕೈಯಲ್ಲಿ ಡೌನ್‌ಹಾಲ್ ಎಳೆಯುತ್ತೇನೆ. ಕೊಕ್ಕೆಗಳು ಟಕಟಕ ಅನ್ನುತ್ತಾ ಇಳಿಯುತ್ತವೆ.

ಕೊಕ್ಕೆ ಜಿಬ್ ಸೋಲುವುದು ಹಾಯಿ ಕಿರಿದು ಮಾಡುವಾಗ. ಸುರುಳಿಯಲ್ಲಿ ನಾಲ್ಕು ಸುತ್ತು ಸುತ್ತಿದರೆ ಆಯಿತು. ಆದರೆ ಹಾಗೆ ಅರ್ಧ ಸುತ್ತಿದ ಹಾಯಿಗೆ ಹೊಟ್ಟೆ ಬರುತ್ತದೆ, ಎದುರುಗಾಳಿಗೆ ಸರಿಯಾಗಿ ಸಾಗುವುದಿಲ್ಲ, ಹಾಯಿ ಬಿಗಿಮಾಡುವ ಶೀಟ್ ಹಗ್ಗ ಹಾದುಹೋಗುವ ರಾಟೆಯನ್ನೂ (ಕಾರ್) ಮುಂದಕ್ಕೆ ಸರಿಸಬೇಕು. ಕೊಕ್ಕೆಯಲ್ಲಿ ಹಾಯಿಯನ್ನೇ ಬದಲಿಸಬೇಕು. ಅದನ್ನು ನಡುಗಡಲಲ್ಲಿ ಮಾಡುವುದು ನಮಗೆ ಇಷ್ಟವಿಲ್ಲ. ಮುನ್ಸೂಚನೆಯಲ್ಲಿ ಗಾಳಿಯ ಬ್ಯೂಫೋರ್ಟ್ ಅಳತೆಯಲ್ಲಿ 5, ಅಂದರೆ 17–21 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲು) ಗಾಳಿ ಅಂತಿದ್ದರೆ, ಬೆಳಿಗ್ಗೆ ದಕ್ಕೆಗೆ ಕಟ್ಟಿಕೊಂಡಿರುವಾಗಲೇ ಚಿಕ್ಕ ಜಿಬ್ ಸಿಕ್ಕಿಸಿಬಿಡುತ್ತೇವೆ. ಮೊದಲ ಎರಡು ಗಂಟೆ ನಿಧಾನವಾಗಿ ಹೋಗುತ್ತೇವೆ. ನಮಗೇನೂ ಆತುರವಿಲ್ಲ, ಅಲ್ವಾ?

ಬಿಸಿಲು: ಸುತ್ತಿಟ್ಟ ಹಾಯಿ ವಾರಪೂರ್ತಿ ಹೊರಗೇ ಇರುತ್ತದೆ, ಅಂಚಿಗೆ ಬಿಸಿಲುಪಟ್ಟಿ ಹೊಲಿಸಲೇಬೇಕು. ಕೊಕ್ಕೆಯದು ಚೀಲಕ್ಕೆ ಹೋಗುತ್ತದೆ.

ಆರೈಕೆ: ಉಪ್ಪು ಹಿಡಿದರೆ ಕೊಕ್ಕೆಯ ಪಿನ್ ಬಿಗಿಯುತ್ತದೆ. ಸಿಹಿನೀರಲ್ಲಿ ತೊಳೆದರೆ ಸಾಕು.

ಖರ್ಚು: ನಾವು ಸುರುಳಿ ಸಾಧನ ತೆಗೆದುಬಿಟ್ಟೆವು. ಹೊಸ ಫೋರ್‌ಸ್ಟೇ ತಂತಿ ಬೇಕಾಯಿತು, ಹಾಯಿಯ ಅಂಚಿಗೆ ಕೊಕ್ಕೆ ಹೊಲಿಸಬೇಕಾಯಿತು, ಚಿಕ್ಕ ಜಿಬ್ ಒಂದನ್ನು ಬಳಸಿದ್ದೇ ಕೊಂಡೆವು. ಎಲ್ಲಾ ಸೇರಿದರೂ ಹೊಸ ಸುರುಳಿ ಸಾಧನಕ್ಕಿಂತ ಕಡಿಮೆಯೇ ಆಯಿತು.

ದೋಣಿ ದೊಡ್ಡದಿದ್ದು ಜಿಬ್ ಎತ್ತಲು ಒಬ್ಬರ ಕೈಲಿ ಆಗದಿದ್ದರೆ, ಅಥವಾ ಮಂಡಿನೋವಿದ್ದು ಮುಂದೆ ಹೋಗುವುದೇ ಕಷ್ಟವಾದರೆ, ಸುರುಳಿಯೇ ಸರಿ. ಆದರೆ ಕೊಳ್ಳುವ ಮೊದಲು ಹಾಯಿ ಏರಿಸಿ, ದುರ್ಬೀನಿನಲ್ಲಿ ಮಾಸ್ಟ್ ತುದಿ ನೋಡಿ. ಹ್ಯಾಲ್ಯಾರ್ಡ್‌ಗೂ ಫೋರ್‌ಸ್ಟೇಗೂ ನಡುವೆ ಆಕಾಶ ಕಾಣಬೇಕು. ಕಾಣದಿದ್ದರೆ ಹ್ಯಾಲ್ಯಾರ್ಡನ್ನು ಹಿಂದಕ್ಕೆ ಹಿಡಿಯುವ ಬಳೆಯನ್ನೋ, ಗಿಡ್ಡ ಹಾಯಿಯ ತಲೆಗೆ ಒಂದು ತುಂಡು ತಂತಿಯನ್ನೋ ಹಾಕಿಸದೆ ಬಂದರು ಬಿಡಬೇಡಿ.